ಬಿಕಾಂ ಕೊನೆಯ ವರ್ಷ: ಪ್ಲೇಸ್‌ಮೆಂಟ್ ಸೆಲ್ ಒಂದು ಸೆಮಿಸ್ಟರ್‌ನಲ್ಲಿ ಏನು ಮಾಡಬಹುದು?

ಕಾಮರ್ಸ್ ಮೇಡಂ:
ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಕೊನೆಯ ವರ್ಷದ ಬಿಕಾಂನಲ್ಲಿ 60 ಮಕ್ಕಳು, ಲ್ಯಾಬ್‌ನಲ್ಲಿ 20 ಸಿಸ್ಟಂ. ಪ್ಲೇಸ್‌ಮೆಂಟ್ ಸೆಲ್ ಅಂದರೆ ಇದುವರೆಗೆ ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರ, ಅಷ್ಟೇ. ವಿಶ್ವವಿದ್ಯಾಲಯದ ಪಠ್ಯ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಇರುವುದರಲ್ಲೇ ಎಲ್ಲಿಂದ ಶುರು ಮಾಡಬೇಕು?

ಲೆಡ್ಜರ್:
ಮೇಡಂ, ಪಠ್ಯ ನಿಮ್ಮ ಕೈಯಲ್ಲಿ ಇಲ್ಲದಿದ್ದರೂ ಇಂಟರ್ನಲ್ಸ್‌ನ ಅಸೈನ್‌ಮೆಂಟ್ ಇದೆಯಲ್ಲ. ಹತ್ತು ಪುಟ ನಕಲು ಮಾಡಿಸುವ ಬದಲು ಒಂದು ಅಂಗಡಿಯ ತಿಂಗಳ ವಹಿವಾಟು, ಸುಮಾರು 40 ಬಿಲ್, ಕೊಟ್ಟು ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಏರಿಸಲು ಹೇಳಿ. ಅದರಲ್ಲಿ ಎರಡು ಮೂರು ಬಿಲ್ ತಮಿಳುನಾಡಿನ ಹೊಸೂರಿನವು ಇರಲೇಬೇಕು. ಶೇ 18 ತೆರಿಗೆಯ 10,000 ರೂಪಾಯಿ ಸರಕು ತುಮಕೂರಿನಿಂದ ಬಂದರೆ ಕೇಂದ್ರದ ಸಿಜಿಎಸ್‌ಟಿ 900, ರಾಜ್ಯದ ಎಸ್‌ಜಿಎಸ್‌ಟಿ 900. ಹೊಸೂರಿನಿಂದ ಬಂದರೆ ಬೇರೆ ರಾಜ್ಯದ ಸರಕಿಗೆ ಹಾಕುವ ಐಜಿಎಸ್‌ಟಿ 1,800. ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆದವರೇ ಟ್ಯಾಲಿಯಲ್ಲಿ ಸಪ್ಲೈಯರ್ ಲೆಡ್ಜರ್ ತೆರೆಯುವಾಗ ರಾಜ್ಯ ಕರ್ನಾಟಕ ಅಂತಲೇ ಬಿಟ್ಟುಬಿಡುತ್ತಾರೆ. ಆಮೇಲೆ ಐಜಿಎಸ್‌ಟಿ ಯಾಕೆ ಬರುತ್ತಿಲ್ಲ ಎಂದು ಗೊತ್ತಾಗದೆ ಕೂರುತ್ತಾರೆ. ಸಂದರ್ಶನದಲ್ಲಿ ಕೇಳುವುದು ಇಂಥದ್ದನ್ನೇ.

ಎಕ್ಸೆಲ್‌ನಲ್ಲಿ ವಿಲುಕಪ್ (ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ಸೂತ್ರ), ಪಿವಟ್ ಟೇಬಲ್ (ದೊಡ್ಡ ಪಟ್ಟಿಯ ಸಾರಾಂಶ ತೆಗೆಯುವ ಕೋಷ್ಟಕ) ಇವೆರಡು ಗಟ್ಟಿಯಾದರೆ ಸಾಕು. ವಿಲುಕಪ್‌ನ ಕೊನೆಯಲ್ಲಿ ಫಾಲ್ಸ್ (ಪೂರ್ತಿ ತಾಳೆಯಾದದ್ದನ್ನೇ ತರು ಎಂಬ ಸೂಚನೆ) ಹಾಕದಿದ್ದರೆ ಎಷ್ಟೋ ಸಲ ಎರರ್ ಬರುವುದಿಲ್ಲ, ಬೇರೆ ಯಾರದೋ ಮೊತ್ತ ಬಂದು ಕೂರುತ್ತದೆ. ಅದನ್ನು ಬೇಕೆಂದೇ ಮಾಡಿಸಿ ತೋರಿಸಿ. ಇನ್ನೊಂದು ಮಾತು: ಒಂದು ಸಿಸ್ಟಂಗೆ ಮೂವರನ್ನು ಕೂರಿಸಿದರೆ ಒಬ್ಬರು ಟೈಪ್ ಮಾಡುತ್ತಾರೆ, ಇಬ್ಬರು ನೋಡುತ್ತಾರೆ. ಮೂರು ಬ್ಯಾಚ್ ಮಾಡಿ.

ಹಾಜರಿ ಪುಸ್ತಕ:
ಕೌಶಲ ಸರಿ, ಆದರೆ ಮೊದಲ ವಾರ ದಾಖಲೆಗೆ ಕೊಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ಮಂಜುನಾಥ ಬಿ', ಆಧಾರ್‌ನಲ್ಲಿ 'ಮಂಜುನಾಥ್ ಬಸಪ್ಪ'. ಇನಿಷಿಯಲ್ ಬರೆಯುವ ನಮ್ಮ ಪದ್ಧತಿಯಿಂದ ಈ ತೊಡಕು ತುಂಬಾ ಮಕ್ಕಳಿಗೆ ಇದೆ. ಆಯ್ಕೆಯಾದ ಮೇಲೂ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಆಮೇಲೆ ಎಲ್ಲರನ್ನೂ ಕೇಂದ್ರದ ನ್ಯಾಟ್ಸ್ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಎಂಜಿನಿಯರಿಂಗ್‌ನವರಿಗೆ ಮಾತ್ರ ಅಂದುಕೊಂಡವರೇ ಹೆಚ್ಚು, ಆದರೆ ಬಿಕಾಂ, ಬಿಎ ಮಕ್ಕಳಿಗೂ ಅವಕಾಶ ಇದೆ. 2019ರಲ್ಲಿ ತಿದ್ದಿದ ನಿಯಮ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ತರಬೇತಿ ಭತ್ಯೆ ಗೊತ್ತುಮಾಡಿತು. ಅದರಲ್ಲಿ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ದುಡ್ಡು ಅಲ್ಲೇ ನಿಲ್ಲುತ್ತದೆ. ನೋಂದಣಿಗೆ ಶುಲ್ಕವಿಲ್ಲ, ದುಡ್ಡು ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ ಎಂದು ಮಕ್ಕಳಿಗೆ ಬಿಡಿಸಿ ಹೇಳಿ.

ಗಿರಿಜಾ:
ಅಣಕು ಸಂದರ್ಶನ ಮರೆಯಬೇಡಿ. 'ನಿಮ್ಮ ಬಗ್ಗೆ ಹೇಳಿ' ಅಂದರೆ ಮಕ್ಕಳು ಬಾಯಿಪಾಠ ಮಾಡಿದ ಇಂಗ್ಲಿಷ್ ಒಪ್ಪಿಸುತ್ತಾರೆ, ನಡುವೆ ಒಂದು ಪ್ರಶ್ನೆ ಬಿದ್ದರೆ ನಿಂತುಬಿಡುತ್ತಾರೆ. ಮೊದಲು ಕನ್ನಡದಲ್ಲೇ ಕೇಳಿ: 'ಆ 40 ಬಿಲ್ ಏರಿಸುವಾಗ ಎಲ್ಲಿ ತಪ್ಪಿತು, ಹೇಗೆ ಹಿಡಿದೆ?' ಹೇಳಲು ವಿಷಯ ಇದೆ ಎಂದು ಗೊತ್ತಾದ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅವರಿಗೇ ತೋರಿಸಿ. ಒಬ್ಬರಿಗೆ ಹತ್ತು ನಿಮಿಷ ಅಂದರೂ 60 ಮಕ್ಕಳಿಗೆ ಹತ್ತು ಗಂಟೆ ಬೇಕು. ಊರಿನ ಆಡಿಟರ್ ಒಬ್ಬರನ್ನೂ ಕೂರಿಸಿಕೊಳ್ಳಿ. ಮಾರ್ಚ್ ಕೊನೆ, ರಿಟರ್ನ್ಸ್ ಗಡುವಿನ ದಿನಗಳು ಬಿಟ್ಟು ಕರೆದರೆ ಬರುತ್ತಾರೆ. ಬೆಂಗಳೂರಿಗೆ ಮನೆಯಲ್ಲಿ ಕಳಿಸದ ಹುಡುಗಿಯರಿಗೆ ಅವರ ಆಫೀಸೇ ಮೊದಲ ಕೆಲಸ ಆಗಬಹುದು.

ಕಾಮರ್ಸ್ ಮೇಡಂ:
ತುಂಬಾ ಉಪಕಾರವಾಯಿತು. ಹೆಸರು ಬೇರೆ ಬೇರೆ ಇದ್ದರೆ ಯಾವುದನ್ನು ತಿದ್ದಿಸಬೇಕು?

ಹಾಜರಿ ಪುಸ್ತಕ:
ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಹೆಸರು ಒಂದೇ ಇದ್ದರೆ ಅದನ್ನು ಮುಟ್ಟಬೇಡಿ, ಆಧಾರ್ ಅನ್ನೇ ಅದಕ್ಕೆ ಸರಿಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ, ಹಾಗಾಗಿ ಅರ್ಜಿ ಹಾಕುವ ಮೊದಲು ಸ್ಪೆಲ್ಲಿಂಗ್ ಅಕ್ಷರ ಅಕ್ಷರ ತಾಳೆ ನೋಡಿ. ಪ್ಯಾನ್, ಬ್ಯಾಂಕ್ ಖಾತೆ ಆಮೇಲೆ.