ಬ್ಯಾಡಗಿ ಅಂಗಡಿಯಿಂದ ಮುಂಬೈ ಸರ್ವರಿನ ಡೇಟಾಬೇಸ್ ಕನೆಕ್ಟ್ ಆಗವಲ್ದು (ಎರರ್ 10060), ಹುಬ್ಬಳ್ಳಿಯಿಂದ ಆಗತೈತಿ

ಕಾಯಿಪ್ಯಾಟಿ ಬಿಲ್:
ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿ ಎಪಿಎಂಸಿ ಒಳಗ ಒಂದು ದಲಾಲಿ ಅಂಗಡಿ ಬಿಲ್ಲಿಂಗ್ ಸಾಫ್ಟ್‌ವೇರ್ ನಾ ನೋಡ್ಕೊಂತೀನ್ರಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0, ಮುಂಬೈದಾಗಿನ ಕ್ಲೌಡ್ ಸರ್ವರ್, ಉಬುಂಟು. ಅಂಗಡ್ಯಾಗ ವಿಂಡೋಸ್ 10. ಇಷ್ಟ ದಿನ ಚಲೋನ ನಡದಿತ್ತು, ಮೊನ್ನೆ ಅಂಗಡಿಯವ್ರು ಹಳೇ ಲೈನ್ ತಗಸಿ ಹೊಸಾ ಫೈಬರ್ ಹಾಕಿಸ್ಕೊಂಡ್ರು, ಅವತ್ತಿಂದ ಎರರ್ 2003, ಮುಂದ ಬ್ರಾಕೆಟಿನ್ಯಾಗ 10060. ಪಿಂಗ್ ಮಾಡಿದ್ರ ಬರತೈತಿ, ಯೂಟ್ಯೂಬ್ ಓಡತೈತಿ, ಡೇಟಾಬೇಸ್ ಒಂದ ಬರವಲ್ದು. ವಿಂಡೋಸ್ ಫೈರ್‌ವಾಲ್ ಬಂದ್ ಮಾಡಿ ನೋಡೇನಿ, ಆಂಟಿವೈರಸ್ ತಗದೇನಿ, ಕನೆಕ್ಟರ್ ಮತ್ತ ಇನ್‌ಸ್ಟಾಲ್ ಮಾಡೇನಿ, ಹಂಗ ಐತಿ. ಹುಬ್ಬಳ್ಳಿ ವಿದ್ಯಾನಗರದಾಗಿನ ನಮ್ಮ ಆಫೀಸಿನಿಂದ ಅದ ಯೂಸರ್, ಅದ ಪಾಸ್‌ವರ್ಡ್ ಹಾಕಿದ್ರ ಪಟ್ ಅಂತ ಕನೆಕ್ಟ್ ಆಗತೈತಿ. ಸೀಸನ್ ನಡದೈತ್ರಿ, ರೈತರಿಗೆ ಪಟ್ಟಿ ಕೈಲೆ ಬರದು ಕೊಡಾಕತ್ತಾರ. ಯಾರರೆ ಹಾದಿ ತೋರಸ್ರಿ.

ಧಾರವಾಡ ಲಿನಕ್ಸ್:
ಮೊದಲ ವಿಂಡೋಸ್ ಫೈರ್‌ವಾಲ್ ವಾಪಸ್ ಆನ್ ಮಾಡ್ರಿ. ಒಳಗಿಂದ ಹೊರಗ ಹೋಗೂ ಕನೆಕ್ಷನ್ನ ಅದು ತಾನಾಗೇ ತಡಿಯೂದಿಲ್ಲ.

ಈಗ ನಂಬರ್ ನೋಡ್ರಿ, ಎಲ್ಲಾ ಅದರಾಗ ಅದ. 10060 ಅಂದ್ರ ಟೈಮ್‌ಔಟ್, ಲಿನಕ್ಸಿನ್ಯಾಗ ಇದಕ್ಕ 110 ಅಂತ ಬರ್ತದ. 10061 ಅಂದ್ರ ರಿಫ್ಯೂಸ್ಡ್, ಲಿನಕ್ಸಿನ್ಯಾಗ 111. ಬಾಗಲಾ ಬಡದಾಗ ಒಳಗಿನವ್ರು 'ಅವ್ರು ಇಲ್ಲಿಲ್ರೀ' ಅಂದ್ರ ಮನೀ ತನಕಾ ಮುಟ್ಟೀರಿ ಅಂತ ಆತು, ಅದು 10061. ಯಾರೂ ಉಸಿರ ಬಿಡಲಿಲ್ಲ ಅಂದ್ರ ಮನೀಗೇ ಮುಟ್ಟಿಲ್ಲೋ ಏನೋ, ಅದು 10060. ನಡುವ ಯಾವುದೋ ಫೈರ್‌ವಾಲ್ ನಿಮ್ಮ ಪ್ಯಾಕೆಟ್ ಸುಮ್ಮನ ಬಿಸಾಡ್ಲಿಕತ್ತದ. ಯೂಸರ್ ಪಾಸ್‌ವರ್ಡ್ ತಪ್ಪಿದ್ರ 1045 ಬರ್ತದ, ಅದು ಮೈಎಸ್‌ಕ್ಯೂಎಲ್ ತಾನ ಕೊಡೂ ಉತ್ತರ, ಅಷ್ಟರ ತನಕಾ ನೀವಿನ್ನೂ ಹೋಗೇ ಇಲ್ಲ.

ಪಿಂಗ್ ನಂಬಬ್ಯಾಡ್ರಿ. ಪಿಂಗಿಗೆ ಪೋರ್ಟ್ ಅಂತನ ಇರೂದಿಲ್ಲ, ಮೈಎಸ್‌ಕ್ಯೂಎಲ್ ಬಾಗಲಾ ಅಂದ್ರ ಪೋರ್ಟ್ 3306 ತೆರದದೋ ಇಲ್ಲೋ ಅದಕ್ಕ ಗೊತ್ತಾಗೂದಿಲ್ಲ. ಎರಡೂ ಊರಾಗ ಪವರ್‌ಶೆಲ್ ತಗದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಸರ್ವರ್ ಐಪಿ, ಪೋರ್ಟ್ 3306 ಕೊಟ್ಟು ಏನ್ ಬರ್ತದ ಹೇಳ್ರಿ.

ಕಾಯಿಪ್ಯಾಟಿ ಬಿಲ್:
ಹುಬ್ಬಳ್ಳ್ಯಾಗ ಟ್ರೂ, ಬ್ಯಾಡಗ್ಯಾಗ ಫಾಲ್ಸ್. ಅಂಗಡ್ಯಾಗ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದ್ರೂ ಫಾಲ್ಸ್ ರೀ.

ಗದಗ ನೆಟ್ ರಿಪೇರಿ:
ಹಾಟ್‌ಸ್ಪಾಟಿಗೂ ಆಗವಲ್ದು ಅಂದ್ರ ಫೈಬರ್ ಕಂಪನಿಯವ್ರ ಮ್ಯಾಲ ಸಿಟ್ಟಾಗೂದು ಬ್ಯಾಡ್ರಿ, ಅದು ಸರ್ವರ್ ಕಡೆ ರೂಲ್. ಕ್ಲೌಡಿನ ಸೆಕ್ಯೂರಿಟಿ ಗ್ರೂಪ್ (ಸರ್ವರ್ ಮುಂದಿನ ಫೈರ್‌ವಾಲ್ ರೂಲ್) ತಗದು 3306ಕ್ಕ ಸೋರ್ಸ್ ಅಂತ ಯಾವ ಐಪಿ ಹಾಕ್ಯಾರ ನೋಡ್ರಿ. ಮತ್ತ ಅಂಗಡಿ ರೌಟರಿನ ಸ್ಟೇಟಸ್ ಪೇಜಿನ್ಯಾಗ ವ್ಯಾನ್ ಐಪಿ (ಕಂಪನಿ ಲೈನಿಗೆ ಕೊಟ್ಟ ಐಪಿ) ಏನೈತಿ, ಹೊರಗಿನ ಸೈಟಿನ್ಯಾಗ 'ನನ್ನ ಐಪಿ ಏನು' ಅಂತ ನೋಡಿದ್ರ ಏನ್ ಬರತೈತಿ, ಎರಡೂ ಒಂದನೋ ಬ್ಯಾರೆನೋ ಹೇಳ್ರಿ.

ಕಾಯಿಪ್ಯಾಟಿ ಬಿಲ್:
ಸಿಕ್ತ್ರಿ! ಸೋರ್ಸಿನ್ಯಾಗ ಎರಡ ಐಪಿ ಅದಾವು, ಒಂದು ಹುಬ್ಬಳ್ಳಿ ಆಫೀಸಿಂದು, ಇನ್ನೊಂದು ಅಂಗಡಿ ಹಳೇ ಲೈನಿನ ಸ್ಟ್ಯಾಟಿಕ್ (ಬದಲಾಗದ) ಐಪಿ. ರೌಟರಿನ್ಯಾಗ 100.72ರಿಂದ ಶುರು ಆಗೂ ನಂಬರ್ ಐತಿ, ಹೊರಗಿನ ಸೈಟ್ ಬ್ಯಾರೇನ ತೋರಸ್ತೈತಿ.

ರಾಣೇಬೆನ್ನೂರ ಟೆಕ್:
ಸೋರ್ಸ್ 0.0.0.0/0 ಹಾಕಿ ಬಿಡ್ರಿ, ಎಲ್ಲಿಂದಾದ್ರೂ ಬರತೈತಿ. ಒಂದ ನಿಮಿಷದ ಕೆಲಸ.

ಧಾರವಾಡ ಲಿನಕ್ಸ್:
ದಯಮಾಡಿ ಅದೊಂದು ಮಾಡಬ್ಯಾಡ್ರಿ. 3306 ಜಗತ್ತಿಗೆಲ್ಲಾ ತೆರದ್ರ ಪಾಸ್‌ವರ್ಡ್ ಊಹೆ ಮಾಡೂ ಬಾಟ್‌ಗಳು ಬಡೀಲಿಕ್ಕೆ ಶುರು ಮಾಡ್ತಾವ. 2017ರ ಜನವರಿಯಾಗ ಹಿಂಗ ತೆರದಿಟ್ಟ ಸಾವಿರಾರು ಮೊಂಗೋಡಿಬಿ ಡೇಟಾಬೇಸ್ ಅಳಿಸಿ, ರೊಕ್ಕಾ ಕೊಡ್ರಿ ಅಂತ ಚೀಟಿ ಬಿಟ್ಟು ಹೋಗಿದ್ರು. ನಿಮ್ಮ ಡೇಟಾಬೇಸಿನ್ಯಾಗ ರೈತರ ಹೆಸರು, ಬ್ಯಾಂಕ್ ಅಕೌಂಟ್ ನಂಬರ್ ಎಲ್ಲಾ ಇರ್ತಾವ. ಅವು ಅವ್ರು ನಂಬಿ ಕೊಟ್ಟಿದ್ದು.

ಗದಗ ನೆಟ್ ರಿಪೇರಿ:
100.64ರಿಂದ 100.127ರ ತನಕಾ ಇರೂ ಐಪಿ ಅಂದ್ರ ಸಿಜಿನ್ಯಾಟ್. ಹೊರಗ ಕಾಣೂ ಒಂದ ಐಪಿನ ಕಂಪನಿಯವ್ರು ಭಾಳ ಮನಿಗೆ ಹಂಚಿರ್ತಾರ, ಯಾವಾಗ ಬದಲಾಗತೈತಿ ಹೇಳಾಕ ಬರೂದಿಲ್ಲ. ಅದನ್ನ ರೂಲಿಗೆ ಹಾಕಿದ್ರ ಮತ್ತ ಇದ ಪಾಡು, ಮ್ಯಾಲ ಅದ ಐಪಿ ಇರೂ ಮಂದಿಗೆಲ್ಲಾ ಬಾಗಲಾ ತಗದಂಗ. ಸ್ಟ್ಯಾಟಿಕ್ ಐಪಿ ರೊಕ್ಕಾ ಕೊಟ್ಟು ತಗೋಬಹುದು, ಆದ್ರ ನಾ ವೈರ್‌ಗಾರ್ಡ್ ಅನ್ನೂ ವಿಪಿಎನ್ (ಅಂಗಡಿ, ಸರ್ವರ್ ನಡುವ ಖಾಸಗಿ ಟನಲ್) ಹಾಕ್ರಿ ಅಂತೀನಿ. ಅಂಗಡಿ ಕಂಪ್ಯೂಟರ್ ತಾನ ಸರ್ವರಿಗೆ ಹೋಗಿ ಕೂಡತೈತಿ, ಹಂಗಾಗಿ ಸಿಜಿನ್ಯಾಟ್ ಇದ್ರೂ ತ್ರಾಸಿಲ್ಲ. ಸರ್ವರಿಗೆ 10.8.0.1, ಅಂಗಡಿಗೆ 10.8.0.2 ಕೊಡ್ರಿ. ಸೆಕ್ಯೂರಿಟಿ ಗ್ರೂಪಿನ್ಯಾಗ ವೈರ್‌ಗಾರ್ಡಿನ ಪೋರ್ಟ್ ಯುಡಿಪಿ 51820 ತಗೀರಿ, ಅದನ್ನ ಎಲ್ಲಾರಿಗೂ ತಗದ್ರೂ ನಡೀತೈತಿ, ಯಾಕಂದ್ರ ಸರಿಯಾದ ಕೀ ಇಲ್ಲದವ್ರಿಗೆ ವೈರ್‌ಗಾರ್ಡ್ ಉತ್ತರಾನ ಕೊಡೂದಿಲ್ಲ. ಅಂಗಡಿ ಕಡೆ ಅಲೌಡ್ ಐಪೀಸ್ ಜಾಗಾದಾಗ ಬರೇ 10.8.0.1/32 ಹಾಕ್ರಿ, ಇಲ್ಲಾಂದ್ರ ಅಂಗಡಿ ಇಂಟರ್ನೆಟ್ ಎಲ್ಲಾ ಮುಂಬೈ ಸುತ್ತಿ ಬರತೈತಿ. ಟನಲ್ ಜೀವಂತ ಇರಾಕ ಕೀಪ್‌ಅಲೈವ್ 25 ಸೆಕೆಂಡ್ ಇಡ್ರಿ. ಉಬುಂಟುದಾಗ ಯುಎಫ್‌ಡಬ್ಲ್ಯು (ಅದರದ ಫೈರ್‌ವಾಲ್) ಚಾಲೂ ಇದ್ರ ಅಲ್ಲೂ ಬಿಡಬೇಕು.

ಕಾಯಿಪ್ಯಾಟಿ ಬಿಲ್:
ಟನಲ್ ಕೂಡಿತ್ರಿ, 10.8.0.1 ಪಿಂಗ್ ಬರತೈತಿ. ಆದ್ರ ಸಾಫ್ಟ್‌ವೇರಿನ್ಯಾಗ ಆ ಐಪಿ ಹಾಕಿದ್ರ ಈಗ 10061.

ಧಾರವಾಡ ಲಿನಕ್ಸ್:
ಭಾಳ ಛಲೋ ಆತು, ಮನೀ ತನಕಾ ಮುಟ್ಟೀರಿ. ಸರ್ವರಿನ್ಯಾಗ ಮೈಎಸ್‌ಕ್ಯೂಎಲ್ ಸೆಟ್ಟಿಂಗ್ ಫೈಲ್ ತಗದು ಬೈಂಡ್-ಅಡ್ರೆಸ್ (ಯಾವ ಐಪಿ ಮ್ಯಾಲ ಕೇಳ್ಕೋತ ಕೂಡಬೇಕು ಅನ್ನೂ ಸಾಲು) ನೋಡ್ರಿ. ನನ್ನ ಅಂದಾಜಿಗೆ ಕ್ಲೌಡಿನ ಪ್ರೈವೇಟ್ ಐಪಿ ಒಂದ ಬರದಿರ್ತಾರ, 172.31 ಅಂತ ಏನರೆ. ಹುಬ್ಬಳ್ಳಿಯಿಂದ ಬರೂ ಕನೆಕ್ಷನ್ ಆ ಐಪಿ ಮ್ಯಾಲ ಇಳೀತದ, ಅದಕ್ಕ ಅಲ್ಲಿ ನಡೀತದ. 10.8.0.1 ಮ್ಯಾಲ ಯಾರೂ ಕೇಳ್ಕೋತ ಕೂತಿಲ್ಲ. 8.0.13ರಿಂದ ಈಚೆ ಕಾಮಾ ಹಾಕಿ ಒಂದಕ್ಕಿಂತ ಹೆಚ್ಚು ಐಪಿ ಕೊಡ್ಲಿಕ್ಕೆ ಬರ್ತದ, 127.0.0.1 ಮತ್ತ 10.8.0.1 ಎರಡೂ ಸೇರಿಸ್ರಿ, ಹಳೇದೂ ಸದ್ಯಕ್ಕ ಇರಲಿ.

ಒಂದು ಮಾತ್ರ ಲಕ್ಷ್ಯದಾಗ ಇಡ್ರಿ. ಸರ್ವರ್ ರೀಸ್ಟಾರ್ಟ್ ಆದಾಗ ವೈರ್‌ಗಾರ್ಡ್ ಏಳೂಕಿಂತ ಮೊದಲ ಮೈಎಸ್‌ಕ್ಯೂಎಲ್ ಎದ್ದರ 10.8.0.1 ಅನ್ನೂ ಐಪಿ ಇನ್ನೂ ಇರೂದಿಲ್ಲ, ಆವಾಗ ಮೈಎಸ್‌ಕ್ಯೂಎಲ್ ಚಾಲೂನ ಆಗೂದಿಲ್ಲ, ಹುಬ್ಬಳ್ಳಿನೂ ಬಂದ್, ಬ್ಯಾಡಗಿನೂ ಬಂದ್. ಸಿಸ್ಟಮ್‌ಡಿ (ಉಬುಂಟುದಾಗ ಸರ್ವಿಸ್ ಚಾಲೂ ಮಾಡೂ ವ್ಯವಸ್ಥಾ) ಒಳಗ ಮೈಎಸ್‌ಕ್ಯೂಎಲ್ ಸರ್ವಿಸಿಗೆ 'ವೈರ್‌ಗಾರ್ಡ್ ಆದ ಮ್ಯಾಲ' ಅನ್ನೂ ಆಫ್ಟರ್ ಸಾಲು ಸೇರಿಸಿ, ಮಂದಿ ಕೆಲಸಕ್ಕ ಬರೂದ್ರೊಳಗ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡ್ರಿ.

ಕಾಯಿಪ್ಯಾಟಿ ಬಿಲ್:
ನೀವು ಹೇಳಿದಂಗ 172.31 ಒಂದ ಇತ್ತು ಅಣ್ಣಾರ. ಸೇರಿಸಿದೆ, ರೀಸ್ಟಾರ್ಟೂ ಮಾಡಿದೆ. ಈಗ 1130, 10.8.0.2 ಹೋಸ್ಟಿಗೆ ಪರವಾನಗಿ ಇಲ್ಲ ಅಂತೈತಿ.

ಧಾರವಾಡ ಲಿನಕ್ಸ್:
ನೆಟ್‌ವರ್ಕ್ ಕೆಲಸ ಮುಗೀತು, ಈಗ ಮಾತಾಡ್ಲಿಕತ್ತಿದ್ದು ಮೈಎಸ್‌ಕ್ಯೂಎಲ್. ಅಲ್ಲಿ ಯೂಸರ್ ಅಂದ್ರ ಹೆಸರು ಮತ್ತ ಎಲ್ಲಿಂದ ಬರ್ತಾನ ಅನ್ನೂದು ಎರಡೂ ಕೂಡಿ. ನಿಮ್ಮ ಯೂಸರ್ ಹಳೇ ಐಪಿಗೆ ಕಟ್ಟಿರ್ತದ. 10.8.0.2ಕ್ಕ ಹೊಸಾ ಯೂಸರ್ ಮಾಡ್ರಿ, ಬಿಲ್ಲಿಂಗ್ ಡೇಟಾಬೇಸ್ ಒಂದಕ್ಕ ಹಕ್ಕು ಕೊಡ್ರಿ, ಎಲ್ಲಾ ಹಕ್ಕು ಇರೂ ರೂಟ್ ಯೂಸರ್ ಅಂತೂ ಬ್ಯಾಡ.

ಕಾಯಿಪ್ಯಾಟಿ ಬಿಲ್:
ಆತ್ರಿ!! ಪಟ್ಟಿ ಪ್ರಿಂಟ್ ಬರಾಕತ್ತಾವು. ಒಂದ ಉಳದೈತಿ, ಸಣ್ಣ ಬಿಲ್ ಪಟಪಟ ಬರತಾವು, ಪೂರಾ ವರ್ಷದ ಖಾತೆ ರಿಪೋರ್ಟ್ ತಗದ್ರ ಅಲ್ಲೇ ನಿಂತು ಬಿಡತೈತಿ.

ಗದಗ ನೆಟ್ ರಿಪೇರಿ:
ಸಣ್ಣದು ಬಂದು ದೊಡ್ಡದು ನಿಂತ್ರ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೂ ಮಿತಿ) ಮ್ಯಾಲ ಸಂಶಯ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಕೊಂತೈತಿ, ಹಾದ್ಯಾಗ ಅಷ್ಟು ದೊಡ್ಡ ಪ್ಯಾಕೆಟ್ ಹೋಗವಲ್ದು ಕಾಣತೈತಿ. ಎರಡೂ ಕಡೆ 1280 ಹಾಕಿ ನೋಡ್ರಿ.

ಕಾಯಿಪ್ಯಾಟಿ ಬಿಲ್:
1280ಕ್ಕ ರಿಪೋರ್ಟೂ ಬಂತ್ರಿ. ಹುಬ್ಬಳ್ಳಿ ಆಫೀಸನ್ನೂ ಇದ ಟನಲಿಗೆ ಹಾಕಿ 3306 ರೂಲ್ ಪೂರಾ ತಗದ ಬಿಡ್ತೀನಿ. ಇಬ್ಬರಿಗೂ ಮನಸಿನಿಂದ ಧನ್ಯವಾದ್ರಿ.

ಧಾರವಾಡ ಲಿನಕ್ಸ್:
ತಗೀರಿ, ತಗದ ಮ್ಯಾಲ ಹೊರಗಿನ ಮೊಬೈಲ್ ನೆಟ್ಟಿನಿಂದ ಪೋರ್ಟ್ ಟೆಸ್ಟ್ ಮಾಡ್ರಿ. ಆವಾಗ ಫಾಲ್ಸ್ ಬರಬೇಕು.