ಹೂ ಬಿಟ್ಟ ಮೇಲೆ ಎಚೆವೇರಿಯಾ ಒಣಗಿಹೋಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿರುವ, ದಪ್ಪ ಎಲೆಗಳು ಗುಲಾಬಿಯಂತೆ ಜೋಡಿಸಿಕೊಂಡಿರುವ ಎಚೆವೇರಿಯಾ ಗಿಡದಲ್ಲಿ ಮೊದಲ ಬಾರಿಗೆ ಹೂದಂಟು ಮೂಡಿದೆ. ಊರಿನ ಬೇಲಿಯ ಕತ್ತಾಳೆಯು ಕಂಬ ಎಬ್ಬಿಸಿದ ಮೇಲೆ ಒಣಗುವುದನ್ನು ಕಂಡಿರುವ ನಮ್ಮ ಅತ್ತೆಯವರು, ದಂಟನ್ನು ಈಗಲೇ ಚಿವುಟಬೇಕೆನ್ನುತ್ತಾರೆ. ಜನವರಿಯಲ್ಲಿ ತಂದ ಕಲಂಚೊ ಎಂಬ ಕುಂಡದ ಹೂಗಿಡದ ಹೂಗಳೂ ಬಾಡಿವೆ. ಅದನ್ನು ಎಸೆಯಬೇಕೇ?

ಉತ್ತರ: ನಿಮ್ಮ ಅತ್ತೆಯವರು ಕಂಡದ್ದು ನಿಜ, ಆದರೆ ಅದು ಎಚೆವೇರಿಯಾಕ್ಕೆ ಅನ್ವಯಿಸುವುದಿಲ್ಲ. ಕತ್ತಾಳೆಯ ಸುಳಿಯೇ ಹೂಗಂಬವಾಗಿ ಬೆಳೆದುಬಿಡುವುದರಿಂದ ಹೊಸ ಎಲೆ ಬರಲು ಜಾಗವೇ ಉಳಿಯುವುದಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಆಹಾರವನ್ನೆಲ್ಲ ಆ ಕಂಬಕ್ಕೆ ಸುರಿದು ತಾಯಿಗಿಡ ಸಾಯುತ್ತದೆ, ಬುಡದ ಮರಿಗಳು ಬದುಕುತ್ತವೆ. ಎಚೆವೇರಿಯಾದಲ್ಲಾದರೋ ದಂಟು ಎಲೆಯ ಕಂಕುಳಿನಿಂದ ಪಕ್ಕಕ್ಕೆ ಹೊರಡುತ್ತದೆ, ಸುಳಿ ಹಾಗೆಯೇ ಇರುತ್ತದೆ. ಲೋಳೆಸರದ್ದೂ ಇದೇ ರೀತಿ. ಆದ್ದರಿಂದ ಹೂವನ್ನು ನೋಡಿ ಸಂತೋಷಪಡಿ. ಗಿಡ ತೀರಾ ಚಿಕ್ಕದಾಗಿದ್ದರೆ ಅಥವಾ ಸೊರಗಿದ್ದರೆ ಮಾತ್ರ ದಂಟನ್ನು ಮೊದಲೇ ಕತ್ತರಿಸಿ.

ಹೂವಿರುವಾಗ ಮಣ್ಣು ಪೂರ್ತಿ ಒಣಗಿದ ಮೇಲೆ ಬುಡಕ್ಕೆ ಮಾತ್ರ ನೀರು ಹಾಕಿ. ಹೂ ಮುಗಿದೊಡನೆ ದಂಟನ್ನು ಎಳೆದು ಕೀಳಲು ಹೋದರೆ ಎಲೆಗಳೂ ಕಿತ್ತುಬರುತ್ತವೆ. ಬುಡದಿಂದ ಒಂದೆರಡು ಅಂಗುಲ ಬಿಟ್ಟು ಕತ್ತರಿಸಿ, ಉಳಿದ ತುಂಡು ಒಣಗಿದಾಗ ಸಲೀಸಾಗಿ ಕೈಗೆ ಬರುತ್ತದೆ. ಆ ದಂಟಿನ ಪುಟ್ಟ ಎಲೆಗಳನ್ನು ಎಸೆಯಬೇಡಿ, ಒಣಮಣ್ಣಿನ ಮೇಲಿಟ್ಟರೆ ಅವುಗಳಿಂದಲೂ ಮರಿಗಿಡಗಳು ಹುಟ್ಟಬಹುದು.

ಮಡಗಾಸ್ಕರ್ ಮೂಲದ ಕಲಂಚೊ ಹಲವು ವರ್ಷ ಬಾಳುವ ಗಿಡವಾಗಿದ್ದರೂ, ಅದನ್ನು ಹೂ ಮುಗಿದೊಡನೆ ಎಸೆಯುವವರೇ ಹೆಚ್ಚು. ಬಾಡಿದ ಗೊಂಚಲನ್ನು ಕೆಳಗಿನ ಒಂದೆರಡು ಜೊತೆ ಎಲೆಗಳ ಸಮೇತ ಕತ್ತರಿಸಿದರೆ ಪಕ್ಕದ ಚಿಗುರುಗಳು ಬರುತ್ತವೆ. ದೀರ್ಘ ರಾತ್ರಿಗಳಲ್ಲಿ ಮೊಗ್ಗು ಕಟ್ಟುವ ಗಿಡವಾದ್ದರಿಂದ, ಅಕ್ಟೋಬರ್‌ನಿಂದ ಸುಮಾರು 6 ವಾರ ಸಂಜೆ 5ರಿಂದ ಬೆಳಿಗ್ಗೆ 7ರವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಹಗಲಿನಲ್ಲಿ ಚೆನ್ನಾಗಿ ಬೆಳಕು ಕೊಡಿ. ಹೂ ಬರುತ್ತಿಲ್ಲವೆಂಬ ದೂರಿನ ಹಿಂದೆ ಎಷ್ಟೋ ಸಲ ರಾತ್ರಿಯಿಡೀ ಉರಿಯುವ ಬಾಲ್ಕನಿಯ ದೀಪವಿರುತ್ತದೆ.

ಪ್ರಶ್ನೆ: ಧನ್ಯವಾದಗಳು ಸರ್. ಎಚೆವೇರಿಯಾದ ಮೊಗ್ಗುಗಳಿಗೆ ಇರುವೆ ಹತ್ತಿವೆ. ಔಷಧಿ ಹೊಡೆಯಬೇಕೇ?

ಉತ್ತರ: ಇರುವೆಗಳು ಬಂದಿರುವುದು ಮಕರಂದಕ್ಕೋ, ಸಸ್ಯಹೇನು ಮತ್ತು ಹಿಟ್ಟು ತಿಗಣೆಗಳು ಸುರಿಸುವ ಸಿಹಿ ಅಂಟಿಗೋ ಎಂಬುದನ್ನು ಮೊಗ್ಗಿನ ಸಂದುಗಳಲ್ಲಿ ನೋಡಿ. ಕೀಟಗಳಿದ್ದರೆ ಹತ್ತಿಯಿಂದ ಒರೆಸಿ, ಹೆಚ್ಚಾಗಿದ್ದರೆ ದಂಟನ್ನೇ ಕತ್ತರಿಸಿ. ಎಲೆಗಳ ಮೇಲಿನ ಬೂದಿಯಂಥ ಲೇಪವನ್ನು ಬೇವಿನೆಣ್ಣೆ ಕೆಡಿಸುವುದರಿಂದ ಅದನ್ನು ಗಿಡಕ್ಕೆಲ್ಲ ಸಿಂಪಡಿಸಬೇಡಿ.