ಸಹಾಯ ಬೇಕು: ಕಾರೈಯಲ್ಲಿ ಸಿಕ್ಕ ಅಮೋನೈಟ್ ಯಾವ ಪದರದ್ದು?

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಭೂವಿಜ್ಞಾನದ ಪ್ರಾಜೆಕ್ಟಿಗೆ ತಮಿಳುನಾಡಿನ ಪೆರಂಬಲೂರು ಹತ್ತಿರದ ಕಾರೈಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸುಮಾರು 10 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು. ಈಗ ಬರೀ ಕೊರಕಲು, ಜೇಡಿ, ನಡುವೆ ಬಿಸಿಲಿಗೆ ಹೊಳೆಯುವ ಜಿಪ್ಸಮ್ ಎಳೆಗಳು. ಬೆಲೆಮ್ನೈಟ್‌ಗಳು (ಸ್ಕ್ವಿಡ್‌ನಂಥ ಹಳೇ ಸಮುದ್ರಜೀವಿಗಳ ಪಳೆಯುಳಿಕೆ) ಪೆನ್ಸಿಲ್ ತುಂಡಿನ ಹಾಗೆ ನೆಲದ ಮೇಲೇ ಬಿದ್ದಿರುತ್ತವೆ. ನೋಡೋಕೆ ಖುಷಿ, ಆದರೆ ತೊಂದರೆಯೂ ಅದೇ.

ಇಳಿಜಾರಿನ ಬುಡದಲ್ಲಿ ಒಂದು ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಸಮುದ್ರಜೀವಿಯ ಪಳೆಯುಳಿಕೆ) ಸಿಕ್ಕಿದೆ. ಕೆಳಗೆ ಕಾರೈ ಜೇಡಿ, ಮೇಲೆ ಗರುಡಮಂಗಲಂ ಮರಳುಗಲ್ಲು. ಮಳೆನೀರು ಎಲ್ಲಿಂದ ಉರುಳಿಸಿತೋ ಗೊತ್ತಾಗುತ್ತಿಲ್ಲ. ತುದಿವರೆಗೂ ಹತ್ತಿ ಹುಡುಕಿದೆ, ಪದರದೊಳಗೇ ಕೂತಿರುವ ಇನ್ನೊಂದು ಸಿಗಲಿಲ್ಲ. ಚಿಪ್ಪಿನ ಹೊಲಿಗೆ ಗೆರೆಗಳು (ಒಳಗಿನ ಕೋಣೆಗಳ ಗೋಡೆ ಚಿಪ್ಪಿಗೆ ಸೇರುವ ಗೆರೆಗಳು) ಸವೆದಿವೆ, ಹಾಗಾಗಿ ಜಾತಿ ಗುರುತಿಸಲೂ ಆಗಲಿಲ್ಲ.

ಲೆನ್ಸಿನಲ್ಲಿ ನೋಡಿದರೆ ಹೊರಗೆ ಜೇಡಿ ಅಂಟಿದೆ, ಮುರಿದ ಕೋಣೆಯೊಳಗೆ ಮಾತ್ರ ಮರಳಿನ ಕಣಗಳಿವೆ. ಮರಳು ಇದೆ ಅಂತ ಸುಮ್ನೆ ಮೇಲಿನ ಪದರಕ್ಕೆ ಸೇರಿಸೋ ಹಾಗಿಲ್ಲ. ಕಾರೈ ಜೇಡಿಯ ಮೇಲ್ಭಾಗದಲ್ಲೂ ಮರಳು ಜಾಸ್ತಿ, ಅಲ್ವಾ? ನಾನು ಸಿಕ್ಕಿಕೊಂಡಿರುವುದು ಇಲ್ಲೇ.

ಕೋಣೆಯೊಳಗಿನ ಮಣ್ಣನ್ನು ತೊಳೆದು ಫೊರಾಮಿನಿಫೆರಾ (ಏಕಕೋಶ ಜೀವಿಗಳ ಸೂಕ್ಷ್ಮ ಚಿಪ್ಪುಗಳು) ಹುಡುಕಿದರೆ ಪದರ ಖಚಿತವಾಗುತ್ತದೆಯೇ? ಅಥವಾ ‘ಸಡಿಲವಾಗಿ ಸಿಕ್ಕಿದ್ದು’ ಎಂದು ಬರೆದು ಇದನ್ನು ಪದರದ ಪಟ್ಟಿಯಿಂದ ಬಿಡಲೇ? ಈ ಭಾಗದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.